ಅಂಚಿನಲ್ಲಿ ಕೈ ಬೀಸಿದವರು

ನನ್ನ ಫೋಟೋಗಳಲ್ಲಿ ಮನುಷ್ಯರಿರುವುದಿಲ್ಲ. ಬಹಳ ವರ್ಷ ಇದನ್ನು ನನ್ನ ಶೈಲಿ ಎಂದು ಹೇಳಿಕೊಂಡು ಮೆರೆದಿದ್ದೇನೆ. ನಿಜ ಹೇಳಬೇಕೆಂದರೆ ಅದು ಶೈಲಿಯಲ್ಲ, ಪುಕ್ಕಲುತನ. ಕತಾರಿಗೆ ಬಂದ ಮೊದಲ ಚಳಿಗಾಲದಲ್ಲಿ ಹೊಸ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು, ದೋಹಾ ಪಕ್ಕದ ಅಲ್ ರಯ್ಯಾನ್‌ನ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಚೆಂದದ ಕೆತ್ತನೆಯ ಗೇಟೊಂದರ ಫೋಟೋ ತೆಗೆದೆ. ಅದೇ ಹೊತ್ತಿಗೆ ಗೇಟು ತೆರೆದು ಕಾರೊಂದು ಹೊರಬಂತು. ಒಳಗೆ ಮನೆಯ ಹೆಂಗಸರಿದ್ದರು. ಕಾರು ಓಡಿಸುತ್ತಿದ್ದವರು ಇಳಿದು ಬಂದು, ದನಿ ಏರಿಸದೆ, ನನ್ನ ಪಕ್ಕದಲ್ಲೇ ನಿಂತು ಆ ಫೋಟೋ ಅಳಿಸುವಂತೆ ಮಾಡಿದರು. ತಪ್ಪು ನನ್ನದೇ. ಇಲ್ಲಿ ಮನೆಯತ್ತ ಕೇಳದೆ ಕ್ಯಾಮೆರಾ ತಿರುಗಿಸುವಂತಿಲ್ಲ. ಆದರೆ ನಾನು ಕಲಿತ ಪಾಠ ಬೇಕಾದ್ದಕ್ಕಿಂತ ಹೆಚ್ಚಾಯಿತು. ಅಂದಿನಿಂದ ಮನೆ ಕಂಡರೆ ಕ್ಯಾಮೆರಾ ತಗ್ಗಿಸುತ್ತಿದ್ದೆ, ಮನುಷ್ಯರು ಕಂಡರೆ ಬೆನ್ನು ತಿರುಗಿಸುತ್ತಿದ್ದೆ. ಅಪ್ಪಿತಪ್ಪಿ ಚಿತ್ರದ ಮೂಲೆಯಲ್ಲಿ ಒಂದು ಸೂರು ಸಿಕ್ಕಿಕೊಂಡರೆ ಮನೆಗೆ ಬಂದು ಕಂಪ್ಯೂಟರಿನಲ್ಲಿ ಆ ಅಂಚನ್ನೇ ಕತ್ತರಿಸಿ ಹಾಕುತ್ತಿದ್ದೆ.

ಚಳಿಗಾಲದ ಶುಕ್ರವಾರಗಳಲ್ಲಿ ಲುಸೈಲ್ ನಗರ ದಾಟಿ ಉತ್ತರದ ಕಡಲತೀರದ ಒಂದು ಮೀನುಗಾರರ ಊರಿಗೆ ಹೋಗುವುದು ನನ್ನ ರೂಢಿ. ನೀರು ಇಳಿದಾಗ ಅಲ್ಲಿ ಮರಳಿನ ಮೇಲೆ ಬೀಳುವ ಬೆಳಕಿಗೆ ನಾನು ಸೋತುಹೋಗಿದ್ದೇನೆ. ಆ ತೀರದ ಕೊನೆಯ ಮನೆಯ ಮುಂದೆ, ಗೋಡೆಗೆ ಒರಗಿಸಿದ ದಿಂಬಿನ ಮೇಲೆ, ಬಿಳಿ ಗಡ್ಡದ ಒಬ್ಬ ಹಿರಿಯರು ಕೂತಿರುತ್ತಿದ್ದರು. ನನ್ನನ್ನು ಕಂಡ ಕೂಡಲೇ ಕೈ ಎತ್ತಿ, ಅಂಗೈಯನ್ನು ಕೆಳಗೆ ಮಾಡಿ, ಬೆರಳುಗಳನ್ನು ಆಡಿಸುತ್ತಿದ್ದರು. 'ಫೋಟೋ ತೆಗೀಬೇಡ, ಹೋಗು' ಎನ್ನುತ್ತಿದ್ದಾರೆಂದು ನನಗೆ ಅನುಮಾನವೇ ಇರಲಿಲ್ಲ. ತಕ್ಷಣ ಕಾಲಿಗೆ ಬುದ್ಧಿ ಹೇಳುತ್ತಿದ್ದೆ. ಹೀಗೆ ಎಷ್ಟೋ ಚಳಿಗಾಲಗಳು ಕಳೆದವು.

ಆಫೀಸಿನಲ್ಲಿ ನನ್ನ ಮೇಲಧಿಕಾರಿಯಾಗಿದ್ದವರು ನಾರ್ವೆಯ ಒಬ್ಬ ಹೆಂಗಸು. ಹೆಸರು ಹಿಡಿದೇ ಕರೆಯಿರಿ ಎಂದು ಅವರು ಎಷ್ಟು ಹೇಳಿದರೂ ಮೈಸೂರಿನ ನನ್ನ ಬಾಯಿಗೆ 'ಮೇಡಂ' ಎಂದೇ ಬರುತ್ತಿತ್ತು. ಅವರದು ಆ ದೇಶದ ತುತ್ತತುದಿಯಲ್ಲಿ, ಬೇಸಿಗೆಯಲ್ಲಿ ಸೂರ್ಯ ಮುಳುಗದ ಕಡೆ, ದೋಣಿಯಲ್ಲೇ ಹೋಗಬೇಕಾದ ಒಂದು ಹಳ್ಳಿ. ಹದಿನೆಂಟನೇ ವಯಸ್ಸಿಗೆ ಬಿಟ್ಟು ಬಂದವರು, ಕೊನೆಯ ಸಲ ಅತ್ತ ಹೋಗಿ ಬಂದು ಇಪ್ಪತ್ತು ವರ್ಷವಾಗಿತ್ತು. ಅಕ್ಟೋಬರಿಗೆ ಅವರ ನಿವೃತ್ತಿ. ಆ ಹಳ್ಳಿಯಲ್ಲಿ ಒಂದು ಪುಟ್ಟ ಮನೆ ಮಾರಾಟಕ್ಕಿತ್ತು. ಕೊಳ್ಳುತ್ತೀರಾ ಇಲ್ಲವಾ ಎಂಬುದನ್ನು ಜುಲೈ ಮುಗಿಯುವುದರೊಳಗೆ ಹೇಳಬೇಕಿತ್ತು. ಹೋಗಿ ನೋಡಿ ಬರೋಣವೆಂದರೆ ಜೂನ್‌ನಲ್ಲಿ ಮಂಡಿಯ ಆಪರೇಷನ್ ಆಗಿ, ಡಾಕ್ಟರು ವಿಮಾನ ಹತ್ತಕೂಡದೆಂದು ಕಟ್ಟಪ್ಪಣೆ ಮಾಡಿದ್ದರು.

ಅದೇ ಜುಲೈಯಲ್ಲಿ ದೋಹಾದ ಸೆಕೆಯಿಂದ ತಪ್ಪಿಸಿಕೊಂಡು ನಾನೂ ನನ್ನ ಹೆಂಡತಿಯೂ ನಾರ್ವೆ ನೋಡಲು ಟಿಕೆಟ್ ಮಾಡಿಸಿದ್ದೆವು. ವಿಷಯ ತಿಳಿದದ್ದೇ ಮೇಡಂ ನನ್ನನ್ನು ರೂಮಿಗೆ ಕರೆದರು.

"ನಾಲ್ಕು ದಿನ ನಮ್ಮೂರಿಗೆ ಹೋಗಿ ಬನ್ನಿ. ಫೋಟೋ ತೆಗೆದು ತಂದು ತೋರಿಸಿ. ಅದನ್ನ ನೋಡಿ ನಾನು ನಿರ್ಧಾರ ಮಾಡ್ತೀನಿ. ಊರು ಖಾಲಿಯಾಗಿ, ಬರೀ ಬೇಸಿಗೆಗೆ ಬಂದು ಹೋಗೋರ ಜಾಗ ಆಗಿದ್ರೆ, ಚಳಿಗಾಲದ ಆ ಕತ್ತಲೇಲಿ ನಾನೊಬ್ಬಳೇ ಏನು ಮಾಡ್ಲಿ?"

ಅವರು ಇಷ್ಟು ಸ್ಪಷ್ಟವಾಗಿ ಹೇಳಿದ್ದರು. ನಾನು ತಲೆಯಾಡಿಸುತ್ತಲೇ ಇದ್ದೆ. ಆದರೆ ತಲೆಯೊಳಗೆ ಯಾವ ಲೆನ್ಸ್ ಒಯ್ಯಬೇಕೆಂಬ ಲೆಕ್ಕ ನಡೆದಿತ್ತು. ಎಂಥ ಫೋಟೋ ತೆಗೆಯುತ್ತೇನೆಂದರೆ, ನೋಡಿದ ಮರುಕ್ಷಣ ಮೇಡಂ ಪೆಟ್ಟಿಗೆ ಕಟ್ಟಬೇಕು ಎಂದು ಮನಸ್ಸಿನಲ್ಲೇ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹಳ್ಳಿಯ ದೋಣಿಕಟ್ಟೆಯಲ್ಲಿ ಇಳಿದಾಗ ದೋಹಾದ ಫ್ರಿಜ್ಜಿನ ಬಾಗಿಲು ತೆಗೆದಷ್ಟು ಚಳಿ. ಅವರಿಗೆ ಅದು ಬೇಸಿಗೆ. ದೋಹಾದ ಬೇಸಿಗೆಯಲ್ಲಿ ಎಸಿಯಿಂದ ಹೊರಗೆ ತಂದ ಕ್ಯಾಮೆರಾದ ಗಾಜು ಬೆವರುತ್ತದೆ. ಅದು ಆರಲೆಂದು ಇಪ್ಪತ್ತು ನಿಮಿಷ ಕಾಯಬೇಕು. ಇಲ್ಲಿಯೂ ನಾನು ಅಭ್ಯಾಸಬಲದಿಂದ ಚೀಲ ತೆರೆದಿಟ್ಟು ಕಾಯುತ್ತಾ ನಿಂತೆ.

"ಇಲ್ಲಿ ಬೆವರೋಕೆ ಏನಿದೆ ರೀ? ನೀವೇ ಗಡಗಡ ನಡುಗ್ತಾ ಇದ್ದೀರಿ," ಎಂದು ಹೆಂಡತಿ ನಕ್ಕಳು. ಅದೂ ಅಲ್ಲದೆ ನಾನು ನೆರಳು ಹುಡುಕಿಕೊಂಡು ಹೋಗಿ ನಿಂತಿದ್ದೆ. ಇಡೀ ಊರು ಬಿಸಿಲಿಗೆ ಮುಖವೊಡ್ಡಿಕೊಂಡಿದ್ದರೆ ನಾನೊಬ್ಬ ಗೋಡೆಯ ಮರೆಯಲ್ಲಿದ್ದೆ.

ಆ ನಾಲ್ಕು ದಿನ ನನಗೆ ಹುಚ್ಚು ಹಿಡಿದಿತ್ತು ಎಂದರೂ ಸರಿಯೇ. ಕಪ್ಪು ಬೆಟ್ಟಗಳ ಸೀಳಿನಲ್ಲಿ ಕರಗದೆ ಉಳಿದ ಹಿಮ. ಜೌಗು ನೆಲದ ತುಂಬ ಹತ್ತಿ ಬಿಡಿಸಿ ಚೆಲ್ಲಿದ ಹಾಗೆ ಬಿಳಿ ಹೂವು. ಮಂಡಿಯೆತ್ತರಕ್ಕಿಂತ ಮೇಲೆ ಬೆಳೆಯದ ಮರಗಳು. ರಸ್ತೆಯ ನಡುವೆ ನಿಂತು ನಮಗೆ ದಾರಿ ಬಿಡದ ಹಿಮಸಾರಂಗ. ನನ್ನ ತಲೆಗೇ ಗುರಿಯಿಟ್ಟು ಎರಗಿದ ಕಡಲಹಕ್ಕಿ. ಸೂರ್ಯ ಮುಳುಗಲು ಮನಸ್ಸಿಲ್ಲದೆ ದಿಗಂತದ ಉದ್ದಕ್ಕೂ ಸುತ್ತುತ್ತಿದ್ದ. ದೋಹಾದಲ್ಲಿ ಹತ್ತು ನಿಮಿಷ ಸಿಗುವ ಹೊಂಬೆಳಕು ಇಲ್ಲಿ ಗಂಟೆಗಟ್ಟಲೆ ಬಿದ್ದಿರುತ್ತಿತ್ತು. ಊಟ, ನಿದ್ದೆ ಎರಡಕ್ಕೂ ವೇಳೆಯೆಂಬುದಿರಲಿಲ್ಲ. ಹೆಂಡತಿ ಮನೆಯಿಂದ ತಂದ ಪುಳಿಯೋಗರೆ ಗೊಜ್ಜು ಮೂರನೇ ದಿನವೇ ಮುಗಿಯಿತು.

ಒಂದೇ ಒಂದು ಕಿರಿಕಿರಿ. ಬೆಟ್ಟದ ದಾರಿ ಒಂದು ಕೆಂಪು ಮರದ ಮನೆಯ ಮುಂದೆಯೇ ಹಾದುಹೋಗುತ್ತಿತ್ತು. ಮೊದಲ ದಿನ ನಾನು ಬೆಟ್ಟಕ್ಕೆ ಕ್ಯಾಮೆರಾ ಹಿಡಿದಿದ್ದಾಗ ಆ ಮನೆಯ ಜಗಲಿಗೆ ಬಂದ ಮುದುಕರೊಬ್ಬರು ಎರಡೂ ಕೈ ಮೇಲೆತ್ತಿ ಬೀಸತೊಡಗಿದರು. ಒಂದು ಕೈಯಲ್ಲಿ ಕಪ್ಪಗೆ ಏನೋ ಇತ್ತು.

"ರೀ, ಆ ತಾತ ನಮ್ಮನ್ನ ಕರೀತಿದ್ದಾರೆ ಅನ್ಸತ್ತೆ," ಎಂದಳು ಹೆಂಡತಿ.

"ಕರೀತಿಲ್ಲ, ಬೈತಿದ್ದಾರೆ. ಕೈಲಿ ಕಲ್ಲು ಬೇರೆ ಇದೆ. ಹದಿನೆಂಟು ವರ್ಷ ಕತಾರ್‌ನಲ್ಲಿದ್ದು ಇಷ್ಟೂ ಗೊತ್ತಾಗಲ್ವಾ ನಂಗೆ? ಯಲ್ಲಾ, ನಡಿ ನಡಿ."

ಅವಳ ಕೈ ಹಿಡಿದು ಎಳೆದುಕೊಂಡೇ ಹೋದೆ. ಮರುದಿನವೂ ಮುದುಕರು ಬೀಸಿದರು, ನಾನು ಓಡಿದೆ. ಮೂರನೆಯ ದಿನವೂ ಅದೇ. ನಾಲ್ಕನೆಯ ದಿನ ಆ ಮನೆಯನ್ನು ತಪ್ಪಿಸಲೆಂದು ಜೌಗಿನಲ್ಲಿ ಸುತ್ತಿ ಹೋಗಿ, ಬಲಗಾಲಿನ ಶೂ ಕೆಸರಿಗೆ ಅರ್ಪಿಸಿ ಬಂದೆ. ಅದನ್ನು ಹುಡುಕಿ ತೆಗೆದದ್ದು ಹೆಂಡತಿಯೇ.

ದೋಹಾಕ್ಕೆ ಮರಳಿ, ಒಂದು ವಾರ ಕೂತು ಅರುವತ್ತು ಫೋಟೋ ಆರಿಸಿದೆ. ಮನೆ, ಸೂರು, ತಂತಿ, ಬೇಲಿ ಏನೇ ಅಂಚಿಗೆ ಬಂದಿದ್ದರೂ ಎಂದಿನಂತೆ ಕತ್ತರಿಸಿದೆ. ಶುಕ್ರವಾರ ಮೇಡಂ ಊರುಗೋಲು ಹಿಡಿದು ನಮ್ಮ ಮನೆಗೆ ಬಂದರು. ಅವರನ್ನು ಸೋಫಾದಲ್ಲಿ ಕೂರಿಸಿ, ನೀಡಿದ ಕಾಲಿಗೆ ದಿಂಬು ಕೊಟ್ಟು, ಟಿವಿಯಲ್ಲಿ ಒಂದೊಂದೇ ಫೋಟೋ ತೋರಿಸಲು ಶುರುಮಾಡಿದೆ. ಹೆಂಡತಿ ಉಪ್ಪಿಟ್ಟು ತಂದಿಟ್ಟಳು.

ಅರುವತ್ತೂ ನೋಡಿದರು. ಒಂದೆರಡು ಕಡೆ 'ಚೆನ್ನಾಗಿದೆ' ಎಂದರು. ಉಪ್ಪಿಟ್ಟು ತಟ್ಟೆಯಲ್ಲೇ ಆರಿತು.

"ಈ ಬೆಟ್ಟ ನಂಗೆ ಗೊತ್ತು," ಎಂದರು ಕೊನೆಗೆ. "ನಾನು ಹುಟ್ಟಿದಾಗ್ಲೂ ಅಲ್ಲೇ ಇತ್ತು. ಎಲ್ಲಿಗೂ ಹೋಗಿಲ್ಲ, ಸಂತೋಷ. ಆದ್ರೆ ಜನ ಎಲ್ಲಿ?"

ನನ್ನ ಮುಖ ಹುಳ್ಳಗಾಯಿತು. ಮನೆಗಳತ್ತ ಕ್ಯಾಮೆರಾ ಹಿಡಿಯುವುದು ಮರ್ಯಾದೆಯಲ್ಲ ಎಂದು ಏನೇನೋ ತೊದಲಿದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ವಾಸಿಯಿತ್ತು. ಕಿಟಕಿಯಾಚೆ ನೋಡುತ್ತಾ, "ಹಾಗಾದ್ರೆ ಮನೆ ಮಾರೋರಿಗೆ ಬೇಡ ಅಂತ ಬರೆದು ಬಿಡ್ತೀನಿ. ಕಣ್ಣು ಮುಚ್ಚಿ ಕೊಂಡುಕೊಳ್ಳೋ ವಯಸ್ಸಲ್ಲ ನಂದು," ಎಂದರು. ನಲವತ್ತು ವರ್ಷ ಊರೂರು ಸುತ್ತಿ ದುಡಿದ ಹೆಂಗಸು ಒಂದೇ ಒಂದು ಸಣ್ಣ ಕೆಲಸ ಹೇಳಿದ್ದರು. ಅದನ್ನು ನಾನು ನನ್ನ ಜಂಬಕ್ಕೆ ಬಳಸಿಕೊಂಡಿದ್ದೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಆಗ ಅಡುಗೆಮನೆಯಿಂದ ದನಿ ಬಂತು: "ರೀ, ಕತ್ತರಿಸಿ ಬಿಸಾಕಿದ್ರಲ್ಲ, ಅದನ್ನ ತೋರ್ಸಿ."

ಅವಳ ಬಾಯಿಗೆ ಸಕ್ಕರೆ ಹಾಕಬೇಕು. ಕತ್ತರಿಸುವ ಮೊದಲಿನ ಮೂಲ ಫೋಟೋಗಳು ಆರು ನೂರೂ ಕಂಪ್ಯೂಟರಿನಲ್ಲಿ ಹಾಗೇ ಇದ್ದವು. ತೆರೆದೆ. ಮೇಡಂ ಟಿವಿಯ ಹತ್ತಿರಕ್ಕೆ ಕುರ್ಚಿ ಎಳೆಸಿಕೊಂಡರು. ಬೆಟ್ಟ, ಕಡಲು ಯಾವುದನ್ನೂ ನೋಡಲಿಲ್ಲ. "ಎಡಮೂಲೆ ದೊಡ್ಡದು ಮಾಡಿ. ಇನ್ನೂ. ಇನ್ನೂ," ಎನ್ನುತ್ತಿದ್ದರು.

ಒಂದರಲ್ಲಿ ಹಳದಿ ಮನೆಯ ಅರ್ಧ ಕಿಟಕಿ. "ಕಿಟಕೀಲಿ ಹೂಕುಂಡ ನೋಡಿ. ಬಂದು ಹೋಗೋರು ಹೂಕುಂಡ ಇಡಲ್ಲ, ನೀರು ಹಾಕೋರು ಯಾರು? ಅಲ್ಲಿ ಯಾರೋ ಇದ್ದಾರೆ." ಇನ್ನೊಂದರಲ್ಲಿ ಮೀನು ಒಣಗಿಸುವ ಮರದ ಚಪ್ಪರದ ತುದಿ. ಹಳೆಯ ಬೂದುಬಣ್ಣದ ಗಳುಗಳ ನಡುವೆ ಎರಡು ಮೂರು ಬೆಳ್ಳಗಿದ್ದವು. "ಹೊಸ ಗಳು! ಮೀನು ಒಣಗಿಸೋದು ಚಳಿಗಾಲ ಮುಗಿಯೋ ಹೊತ್ತಿಗೆ. ಅಂದ್ರೆ ಚಳಿಗಾಲದಲ್ಲೂ ದೋಣಿ ಕಡಲಿಗೆ ಇಳೀತಿದೆ." ಮತ್ತೊಂದರಲ್ಲಿ, ಹಿಮದ ಮೇಲೆ ಜಾರುವ, ಗೋಡೆಗೆ ಒರಗಿಸಿಟ್ಟ ಗಾಡಿ, ಮಕ್ಕಳ ಅಳತೆಯದು. ಅದನ್ನು ನೋಡಿದ್ದೇ ಅವರು ಆರಿದ ಉಪ್ಪಿಟ್ಟಿನ ತಟ್ಟೆ ಎತ್ತಿಕೊಂಡು ತಿನ್ನಲು ಶುರುಮಾಡಿದರು.

ಆಮೇಲೆ ಕೆಂಪು ಮನೆ ಬಂತು. ಜಗಲಿ, ಎತ್ತಿದ ಕೈಗಳು.

"ಇವರು ಬಹಳ ಸಿಟ್ಟಿನ ಮನುಷ್ಯ, ಮೇಡಂ. ಮೂರು ದಿನವೂ ಕಲ್ಲು ಹಿಡಿದು ಓಡಿಸಿದ್ರು," ಎಂದೆ.

ಮೇಡಂ ದೊಡ್ಡದು ಮಾಡಿಸಿದರು. ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ನಗತೊಡಗಿದರು, ಎಂಥ ನಗುವೆಂದರೆ ಆಪರೇಷನ್ ಆದ ಮಂಡಿ ಎರಡೂ ಕೈಯಲ್ಲಿ ಹಿಡಿದುಕೊಳ್ಳಬೇಕಾಯಿತು.

"ಕಲ್ಲಲ್ಲ ಅದು, ಕಾಫಿ ಕೆಟಲ್! ನಮ್ಮೂರಲ್ಲಿ ಹೊಸಬರು ಕಂಡ್ರೆ ಹಾಗೇ ಎತ್ತಿ ತೋರಿಸೋದು, ಬಿಸಿ ಇದೆ ಬನ್ನಿ ಅಂತ. ಪಾಪ, ಮೂರು ದಿನ ಕರೆದಿದ್ದಾನೆ ಕಣ್ರೀ ನಿಮ್ಮನ್ನ!"

ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ನನ್ನನ್ನು ನೋಡಿದಳು ಅಷ್ಟೆ. ಆ ನೋಟದ ಮುಂದೆ ಬೈಗುಳ ಎಷ್ಟೋ ಮೇಲು.

ಮೇಡಂ ಇನ್ನೂ ಟಿವಿಯನ್ನೇ ನೋಡುತ್ತಿದ್ದರು. "ಇವನು ಯಾರು ಗೊತ್ತಾ? ಸ್ಕೂಲಲ್ಲಿ ನನ್ನ ಹಿಂದಿನ ಬೆಂಚು. ನನ್ನ ಜಡೆಗೆ ಮೀನಿನ ಬಾಲ ಕಟ್ಟಿದ್ದ. ದೋಣಿ ಮಾರಿ ಪಟ್ಟಣ ಸೇರ್ಕೊಂಡ ಅಂತ ಯಾರೋ ಹೇಳಿದ್ರು." ಟಿವಿಯತ್ತ ಬೆರಳು ಮಾಡಿ ಹೇಳಿದರು: "ಗೊತ್ತಿಲ್ಲದೋರನ್ನೇ ಮೂರು ದಿನ ಕರೆಯೋನು, ನನಗೊಂದು ಕುರ್ಚಿ ಹಾಕಲ್ವಾ?"

ಸೋಮವಾರ ಅವರು ಮನೆ ಕೊಳ್ಳುವುದಾಗಿ ಬರೆದರು. ಅಕ್ಟೋಬರಿನಲ್ಲಿ ಹೊರಟೂ ಹೋದರು. ಹೋಗುವ ಮುನ್ನ ಜಗಲಿಯ ಆ ಫೋಟೋದ ಪ್ರಿಂಟ್ ಬೇಕೆಂದು ಕೇಳಿದರು. ಅಂಚು ಕತ್ತರಿಸಬೇಡಿ ಎಂದು ಎರಡು ಸಲ ಹೇಳಿದರು.

ನವೆಂಬರ್‌ನ ಒಂದು ಶುಕ್ರವಾರ ನಾನು ಎಂದಿನಂತೆ ಉತ್ತರದ ಆ ಮೀನುಗಾರರ ಊರಿಗೆ ಹೋದೆ. ನೀರು ಇಳಿದಿತ್ತು, ಬೆಳಕು ಚೆನ್ನಾಗಿತ್ತು. ಕೊನೆಯ ಮನೆಯ ಮುಂದೆ ಬಿಳಿ ಗಡ್ಡದ ಹಿರಿಯರು ಕೈ ಎತ್ತಿ, ಅಂಗೈ ಕೆಳಗೆ ಮಾಡಿ, ಬೆರಳು ಆಡಿಸಿದರು. ನನ್ನ ಕಾಲು ಆಗಲೇ ಕಾರಿನತ್ತ ತಿರುಗಿತ್ತು. ಅಷ್ಟರಲ್ಲಿ ಕಾಫಿ ಕೆಟಲ್ ನೆನಪಾಯಿತು. ಕ್ಯಾಮೆರಾವನ್ನು ಕಾರಿನ ಸೀಟಿನ ಮೇಲಿಟ್ಟು, ಬಾಗಿಲು ಹಾಕಿ, ಬರಿಗೈಯಲ್ಲಿ ಅವರ ಕಡೆ ನಡೆದೆ.

"ತಫದ್ದಲ್, ತಫದ್ದಲ್," ಎಂದು ಅವರು ಪಕ್ಕದ ದಿಂಬು ತಟ್ಟಿದರು. ಬನ್ನಿ, ಕೂತ್ಕೊಳ್ಳಿ ಎಂದು. ಮುಂದೆ ತಟ್ಟೆಯಲ್ಲಿ ಖರ್ಜೂರ, ಉದ್ದ ಮೂತಿಯ ಹೂಜಿಯಲ್ಲಿ ಏಲಕ್ಕಿ ಹಾಕಿದ ಅರಬ್ಬಿ ಕಾಫಿ. ಹಳೆಯ ಕಾಲದ ಗಲ್ಫಿನವರಿಗೆ ಬರುವ ಮುರುಕು ಹಿಂದಿಯಲ್ಲಿ ಅವರು ಮೊದಲು ಕೇಳಿದ್ದೇ ಇದು: "ತುಮ್ ಹರ್ ಜುಮ್ಮಾ ಆತಾ, ಹರ್ ಜುಮ್ಮಾ ಭಾಗ್ತಾ. ಕ್ಯೋಂ?" ಪ್ರತಿ ಶುಕ್ರವಾರ ಬರ್ತೀಯ, ಪ್ರತಿ ಶುಕ್ರವಾರ ಓಡಿಹೋಗ್ತೀಯ, ಯಾಕೆ?

ಒಂದು ಖರ್ಜೂರ ಬಾಯಿಗೆ ಹಾಕಿಕೊಂಡೆ. ಅವರು ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಕಾಫಿ ಸುರಿದು ಕೊಟ್ಟರು. ಕುಡಿದು ಮುಗಿಸಿದೊಡನೆ ಮತ್ತೆ ಸುರಿದರು. ಬೇಡವೆಂದರೆ ಬೇಜಾರಾದಾರೆಂದು ಕುಡಿದೆ. ಮತ್ತೆ ಸುರಿದರು. ಆರನೆಯ ಬಟ್ಟಲಿಗೆ ನನ್ನ ಮುಖದ ಅವಸ್ಥೆ ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. ನನ್ನ ಮಣಿಕಟ್ಟು ಹಿಡಿದು, ಬಟ್ಟಲನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ತೋರಿಸಿದರು. ಸಾಕು ಎನ್ನುವುದು ಹಾಗಂತೆ. ಅಲ್ಲಾಡಿಸುವವರೆಗೂ ಸುರಿಯುತ್ತಲೇ ಇರುತ್ತಾರಂತೆ. ಇಲ್ಲಿನ ಸಣ್ಣ ಮಕ್ಕಳಿಗೂ ಗೊತ್ತಿರುವ ಸಂಗತಿ ಅದು. ಹದಿನೆಂಟು ವರ್ಷ ಈ ದೇಶದ ಅನ್ನ ಉಂಡ ನನಗೆ ಗೊತ್ತಿರಲಿಲ್ಲ. ಯಾರ ಮನೆಯ ಮುಂದಾದರೂ ಒಂದು ದಿನ ಕೂತಿದ್ದರೆ ತಾನೆ ಗೊತ್ತಾಗುವುದು.