ಯುದ್ಧ ಬೇಡವೆಂದು ಕೊಟ್ಟ ಅರ್ಜಿ

ತುರುವನೂರಿನ ಬಸ್ ಸ್ಟ್ಯಾಂಡಿನ ಪಕ್ಕ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಜೆರಾಕ್ಸ್ ಎನ್ನುವುದು ಬೋರ್ಡಿಗೆ ಮಾತ್ರ, ಅಸಲು ಕಸುಬು ಅರ್ಜಿ ಬರೆದುಕೊಡುವುದು. ಬೀದಿ ದೀಪ, ಪಹಣಿ ತಿದ್ದುಪಡಿ, ಕುರಿ ಶೆಡ್ಡು, ವಿಧವಾ ವೇತನ, ಹೀಗೆ ಹೋಬಳಿಯ ಅಷ್ಟೂ ಸಂಕಟ ನನ್ನ ಹಳೇ ಕಂಪ್ಯೂಟರಿನ ಹೊಟ್ಟೆಯಲ್ಲಿದೆ. ಎದುರಿಗೆ ಒಂದು ಹೋಟೆಲು, ಹೋಟೆಲಿನಲ್ಲೊಂದು ಟೀವಿ. ಗಡಿಯಲ್ಲಿ ಯುದ್ಧ ಶುರುವಾಗುತ್ತದಂತೆ ಎಂಬ ಸುದ್ದಿ ನಮ್ಮೂರಿಗೆ ಬಂದಿದ್ದು ಆ ಟೀವಿಯಿಂದಲೇ.

ಬಂದಿದ್ದಾದರೂ ಹೇಗೆ? ಸೈರನ್ನು, ಬೆಂಕಿ, ಕಿರುಚಾಟ. ಸುದ್ದಿ ಓದುವವನ ಕುತ್ತಿಗೆಯ ನರ ಈಗ ಹರಿಯುತ್ತದೋ ಆಗ ಹರಿಯುತ್ತದೋ ಎನ್ನುವ ಹಾಗೆ. ಕೆಳಗೆ ಇಡ್ಲಿ ತಿನ್ನುತ್ತ ಕೂತಿದ್ದ ನಮ್ಮೂರ ಭೂಪನೊಬ್ಬ ಮೀಸೆ ತಿರುವಿ, "ಎಲ್ಡೇ ದಿನ ಕಣ್ರಲೇ, ಮುಗಿಸಿ ಬಿಸಾಕ್ತೀವಿ" ಎಂದ. ಈ ಮಹಾಶಯ ತನ್ನ ಶೇಂಗಾ ಹೊಲಕ್ಕೆ ನುಗ್ಗಿದ ಹಂದಿ ಓಡಿಸಲಿಕ್ಕೂ ತಮ್ಮನನ್ನೇ ಕಳಿಸುವವನು. ನನಗೆ ಮೈಯೆಲ್ಲ ಉರಿಯಿತು.

ಉರಿಯುವುದಕ್ಕೆ ಕಾರಣವಿತ್ತು. ಹಿಂದಿನ ಬೀದಿಯಲ್ಲಿ ನನ್ನ ಅಕ್ಕನ ಮನೆ. ಅಕ್ಕ ಕುರಿ ಸಾಕುತ್ತಾಳೆ, ಗಂಡನಿಲ್ಲ, ಇರುವವಳು ಒಬ್ಬಳೇ ಮಗಳು. ಆ ಹುಡುಗಿ ಕುರಿ ಹಿಂದೆ ಓಡಿ ಓಡಿಯೇ ಬೆಳೆದು, ಓಟದ ಪರೀಕ್ಷೆ ಪಾಸಾಗಿ, ಗಡಿ ಕಾಯುವ ನೌಕರಿ ಹಿಡಿದಿದ್ದಳು. "ಅವ್ವ, ರಜೆ ಕ್ಯಾನ್ಸಲ್ ಆತು. ಇನ್ನು ಫೋನ್ ಬರಲ್ಲ, ಎದ್ರಿಕೋ ಬ್ಯಾಡ" ಎಂದು ಹೇಳಿ ಫೋನಿಟ್ಟವಳದು ಒಂಬತ್ತು ದಿನದಿಂದ ಸುದ್ದಿಯಿಲ್ಲ. ಅಕ್ಕ ದಿನಾ ಬೆಳಿಗ್ಗೆ ಕುರಿ ಬಿಡುವ ಮುಂಚೆ ಹೋಟೆಲಿನ ಬಾಗಿಲಲ್ಲಿ ನಿಂತು ಟೀವಿ ನೋಡುವಳು. ಒಳಗೆ ಬರುತ್ತಿರಲಿಲ್ಲ, ಕೂರುತ್ತಿರಲಿಲ್ಲ. ಒಂದು ದಿನ ನನ್ನ ಅಂಗಡಿಗೆ ಬಂದು, "ಲೇ, ಹೆಣ್ಮಕ್ಕಳನ್ನ ಮುಂದಕ್ಕೆ ಬಿಡ್ತಾರೇನೋ?" ಎಂದು ಕೇಳಿದಳು. "ಇಲ್ಲ ಕಣಕ್ಕ, ಹಿಂದೆ ಇಟ್ಟಿರ್ತಾರೆ" ಎಂದೆ. ನನಗೇನು ಗೊತ್ತಿತ್ತು, ಮಣ್ಣು! ಆ ಸುಳ್ಳು ಹೇಳಿದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಅವತ್ತು ಸಂಜೆಯೇ ಯುದ್ಧ ಬೇಡ ಎನ್ನುವವರ ಸಭೆ ಕರೆದೆ.

ಸಭೆಗೆ ಒಂಬತ್ತು ಜನ ಬಂದರು. ಅವರಲ್ಲಿ ನಾಲ್ವರು ಮಂಡಕ್ಕಿ ಮೆಣಸಿನಕಾಯಿಗೆ ಬಂದವರು. ನಮ್ಮದು ಸ್ವಾತಂತ್ರ್ಯ ಹೋರಾಟದ ಕಾಲಕ್ಕೆ ಈಚಲು ಮರ ಕಡಿದು ಜೈಲಿಗೆ ಹೋದವರ ಊರು. ಅಂಥವರಲ್ಲಿ ಒಬ್ಬರ ಮಗ, ಈಗ ಎಂಬತ್ತು ದಾಟಿದ ಅಜ್ಜ, ಮೊದಲು ಮಾತಾಡಿದ.

"ಹೋರಾಟ ಅಂದ್ರೆ ನಮ್ಮೂರಾಗೆ ಮರ ಕಡಿಯದು. ಈಗ ಯಾವ ಮರ ಕಡಿಯಾಣ, ಅದನ್ನ ಹೇಳು."

"ಅಜ್ಜ, ಮರಕ್ಕೂ ಯುದ್ಧಕ್ಕೂ ಏನು ಸಂಬಂಧ?"

"ಅವಾಗ ಬ್ರಿಟಿಷರಿಗೂ ಈಚಲ ಮರಕ್ಕೂ ಏನ್ಲೇ ಸಂಬಂಧ ಇತ್ತು? ಕಡಿದ್ವಿ. ಹೋದ್ರೋ ಇಲ್ಲೋ?"

ಈಚಲ ಹೆಂಡದ ತೆರಿಗೆಯಿಂದ ಸರ್ಕಾರದ ಬೊಕ್ಕಸ ತುಂಬುತ್ತಿದ್ದ ಕಥೆ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಇನ್ನೊಬ್ಬ, "ಈಚಲು ಈಗೆಲ್ಲೈತೆ? ಕೆರೆ ಅಂಗಳದಾಗೆ ಜಾಲಿ ಬೇಕಾದಷ್ಟು ಐತೆ. ಸೌದೆಗೂ ಆತು" ಎಂದ. ಎಲ್ಲರ ಮುಖದಲ್ಲೂ ದೇಶಭಕ್ತಿ ಉಕ್ಕಿತು. ಕೊಡಲಿ ತರಲು ಮೂವರು ಎದ್ದೇಬಿಟ್ಟರು. "ಕುಂತ್ಕಳ್ರಿ ಸುಮ್ನೆ!" ಎಂದು ನಾನು ಕೂಗಿದ ಕೂಗಿಗೆ ಹೋಟೆಲಿನವನು ಟೀವಿಯ ಸೌಂಡ್ ಕಡಿಮೆ ಮಾಡಿದ. ಕೊನೆಗೆ ಮೆಣಸಿನಕಾಯಿ ಖಾಲಿಯಾಗುವ ಹೊತ್ತಿಗೆ, ಯುದ್ಧ ಬೇಡವೆಂದು ಎಲ್ಲರ ಸಹಿ ಹಾಕಿಸಿ ಚಿತ್ರದುರ್ಗದ ಜಿಲ್ಲಾ ಕಚೇರಿಯಲ್ಲಿ ದೊಡ್ಡ ಸಾಹೇಬರಿಗೆ ಅರ್ಜಿ ಕೊಡುವುದು, ಅವರು ಅದನ್ನು ಮೇಲಕ್ಕೆ ಕಳಿಸುವುದು ಎಂದು ತೀರ್ಮಾನವಾಯಿತು.

ಸಹಿ ಹಾಕಿಸುವುದೇನು ಹುಡುಗಾಟವೇ? ನಮ್ಮ ಕಡೆ ಸಹಿ ಕೇಳಿದರೆ ಯಾವುದೋ ಸ್ಕೀಮು ಬಂದಿದೆ ಎಂದೇ ಅರ್ಥ. ಒಬ್ಬೊಬ್ಬರೂ ಆಧಾರ್ ಜೆರಾಕ್ಸು, ಎರಡೆರಡು ಫೋಟೋ ತಂದು ಪಿನ್ ಹೊಡೆದುಕೊಟ್ಟರು. ಬೇಡವೆಂದರೆ, "ಇರ್ಲಿ ಬಿಡಪ್ಪ, ಆಮೇಲೆ ಕೇಳಿದ್ರೆ?" ಎನ್ನುವರು. ಒಬ್ಬಾಕೆ ರೇಷನ್ ಕಾರ್ಡನ್ನೂ ಲಗತ್ತಿಸಿ, "ಲಾಸ್ಟ್ ಡೇಟ್ ಯಾವತ್ತು?" ಎಂದಳು. "ಯುದ್ಧ ಶುರುವಾಗೋ ಹಿಂದಿನ ದಿನ" ಎಂದೆ. "ಹಂಗಾದ್ರೆ ನಮ್ಮ ಯಜಮಾನ್ರುದ್ದು ನಾಳೆ ತರ್ತೀನಿ" ಎಂದು ನೆಮ್ಮದಿಯಿಂದ ಹೋದಳು. ಹಂದಿಗೆ ಹೆದರುವ ಭೂಪನೂ ಬಂದು ಸಹಿ ಹಾಕಿದ. "ಯುದ್ಧ ಬೇಕು ಅಂತಿದ್ದೆಲ್ಲೋ?" ಎಂದರೆ, "ಅದು ಬೇರೆ, ಇದು ಬೇರೆ" ಎಂದ.

ಸಹಿ ಹಾಕದೆ ಉಳಿದವಳು ಅಕ್ಕ ಒಬ್ಬಳೇ. ಹಾಳೆ ಮುಂದಿಟ್ಟರೆ ಕೈ ಹಿಂದೆ ಕಟ್ಟಿಕೊಂಡಳು. "ಬ್ಯಾಡ ಕಣೋ. ಅವ್ವನೇ ಯುದ್ಧ ಬ್ಯಾಡ ಅಂತ ಬರ್ದವ್ಳೆ ಅಂತ ಅಲ್ಲಿ ಗೊತ್ತಾದ್ರೆ ಹುಡುಗಿ ನೌಕರಿ ಹೋಗತ್ತೆ. ಎಷ್ಟು ಕಷ್ಟಪಟ್ಟು ಹಿಡಿದ ನೌಕರಿ" ಎಂದಳು. ನಾನು ಒತ್ತಾಯ ಮಾಡಲಿಲ್ಲ. ಆದರೆ ಅರ್ಜಿ ಕೊಡಲು ಅಜ್ಜ ಮತ್ತು ನಾನು ಬಸ್ಸು ಹತ್ತಿದ ಬೆಳಿಗ್ಗೆ, ಕುರಿಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಅವಳೂ ಬಂದು ಕೂತಳು. "ಸುಮ್ನೆ ಬರ್ತೀನಿ" ಎಂದಳು.

ಕಚೇರಿಯ ಟಪಾಲು ಕಿಟಕಿಯಲ್ಲಿದ್ದವರು ಹಾಳೆ ನೋಡದೆಯೇ, "ಯಾವ ವಿಷ್ಯ? ಕಂದಾಯನಾ, ಕೃಷಿನಾ?" ಎಂದರು. "ಯುದ್ಧ" ಎಂದೆ. ಆ ಮನುಷ್ಯ ಕನ್ನಡಕ ತೆಗೆದು ನನ್ನನ್ನು ನೋಡಿ, ಅಜ್ಜನನ್ನು ನೋಡಿ, ಮಹಡಿಯ ಮೇಲೆ ಕಳಿಸಿದರು. ಮೇಲೆ ಒಬ್ಬ ಅಧಿಕಾರಿ ಮರ್ಯಾದೆಯಿಂದಲೇ ಅರ್ಜಿ ಇಸಕೊಂಡು ಗಟ್ಟಿಯಾಗಿ ಓದತೊಡಗಿದರು. ಚೆನ್ನಾಗಿಯೇ ಬರೆದಿದ್ದೆ. ಗಡಿಯ ಎರಡೂ ಕಡೆ ಇರುವವರು ಬಡವರ ಮಕ್ಕಳು ಎಂಬಲ್ಲಿ ಅವರ ದನಿ ತಗ್ಗಿತು. ನನ್ನ ಎದೆ ಉಬ್ಬಿತು. ಆಮೇಲೆ ಕೊನೆಯ ಸಾಲು ಬಂತು.

"ಆದ್ದರಿಂದ ತಾವು ದಯಮಾಡಿ ಸ್ಥಳ ಪರಿಶೀಲನೆ ನಡೆಸಿ, ಸದರಿ ಯುದ್ಧವನ್ನು ನಮ್ಮ ಗ್ರಾಮಸ್ಥರಿಗೆ ಶೀಘ್ರವಾಗಿ ಮಂಜೂರು ಮಾಡಿಕೊಡಬೇಕೆಂದು ಕೋರುತ್ತೇವೆ."

ಅಯ್ಯೋ ನನ್ನ ಹಣೆಬರಹವೇ! ಹೊಸ ಅರ್ಜಿ ಬರೆಯುವಾಗ ನಾನು ಯಾವತ್ತೂ ಹಳೆಯದನ್ನೇ ತೆಗೆದು ತಿದ್ದುವವನು. ಬೀದಿ ದೀಪದ ಅರ್ಜಿಯಲ್ಲಿ ದೀಪ ಇದ್ದ ಕಡೆಯೆಲ್ಲ ಯುದ್ಧ ಎಂದು ಬದಲಿಸಿ, ಮೇಲಿನದನ್ನೆಲ್ಲ ಕಣ್ಣೀರು ಬರುವ ಹಾಗೆ ಬರೆದು, ಕಡೇ ಸಾಲು ಹಾಗೇ ಬಿಟ್ಟಿದ್ದೆ. ಸಹಿ ಹಾಕಿದವರಲ್ಲಿ ಒಬ್ಬರೂ ಓದಿರಲಿಲ್ಲ. ಅಧಿಕಾರಿ ಮೇಜು ಹಿಡಿದುಕೊಂಡು ನಕ್ಕರು. ಪಕ್ಕದ ಮೇಜಿನವರೂ ನಕ್ಕರು. ಅಜ್ಜ ನನ್ನ ಪಕ್ಕೆ ತಿವಿದು, "ಮರ ಕಡಿದಿದ್ರೆ ಈ ಮಾನಗೇಡು ಇರ್ತಿತ್ತೇನ್ಲೇ?" ಎಂದ.

ಅಧಿಕಾರಿ ಕಣ್ಣೊರೆಸಿಕೊಂಡು, "ತಿದ್ದಿಸ್ಕೊಂಡು ಇನ್ನೊಂದಿನ ಬರ್ರಿ. ಆದ್ರೂ ಒಂದು ಮಾತು, ಇಲ್ಲಿಂದ ಅರ್ಜಿ ಕೊಟ್ರೆ ಯುದ್ಧ ನಿಲ್ಲತ್ತೇನ್ರೀ?" ಎಂದರು.

ಗೋಡೆಗೆ ಒರಗಿ ನಿಂತಿದ್ದ ಅಕ್ಕ ಮುಂದೆ ಬಂದಳು. "ನಿಲ್ಲಲ್ಲ ಸಾರ್, ಅಷ್ಟು ನಂಗೂ ಗೊತ್ತೈತೆ. ನನ್ನ ಮಗಳು ಅಲ್ಲವ್ಳೆ. ಹದಿನೈದು ದಿನ ಆತು ಫೋನ್ ಇಲ್ಲ. ನಾಳೆ ಏನಾದ್ರೂ ಆದ್ರೆ ಹಾರ ತಗಂಡು ನಮ್ಮನೆಗೆ ಬರೋರು ನೀವೇ ಅಲ್ವಾ? ಅವಾಗ ಈ ಹೆಂಗಸು ಮೊದ್ಲೇ ಬಂದು ಬ್ಯಾಡ ಅಂದಿದ್ಲು ಅಂತ ನಿಮಗೆ ನೆನಪಿರ್ಬೇಕು."

ಅಧಿಕಾರಿ ಕುರ್ಚಿಯಿಂದ ಎದ್ದರು. ಅಕ್ಕ ಅವರ ಮೇಜಿನ ಮೇಲಿನ ಪೆನ್ನು ತೆಗೆದುಕೊಂಡು, "ಆ ಸಾಲು ಯಾವುದೋ, ತೋರ್ಸು" ಎಂದಳು. ತೋರಿಸಿದೆ. ಹಾಳೆ ಹರಿಯುವ ಹಾಗೆ ಅದನ್ನು ಹೊಡೆದು ಹಾಕಿ, ಕೆಳಗೆ ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆಯತೊಡಗಿದಳು. ನನಗೆ ಗಾಬರಿಯಾಯಿತು. ಅವಳ ಕೈ ಹಿಡಿದು, "ಅಕ್ಕ, ಹುಡುಗಿ ನೌಕರಿ ಹೋಗತ್ತೆ ಅಂದಿದ್ದಲ್ಲ" ಎಂದೆ.

ಅವಳು ಬರೆಯುವುದನ್ನು ನಿಲ್ಲಿಸಲಿಲ್ಲ.

"ಹೋಗ್ಲಿ ಬಿಡು. ನೌಕರಿ ಹೋದ್ರೆ ಮನೆಗೆ ಬರ್ತಾಳೆ" ಎಂದಳು.