ನಡುರಸ್ತೆಯಲ್ಲಿ ಕುಳಿತ ಮೊಮ್ಮಗಳು

ಮಕ್ಕಳಿಗೆ ಆಟ ಬೇಕೇ ಬೇಕು, ಒಲ್ಲೆ ಎಂದರೂ ಆಡಿಸಬೇಕು ಎನ್ನುವವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೂಸನ್ನು ಕೇಳಿ ಯಾರೂ ಅದಕ್ಕೆ ಔಷಧ ಕುಡಿಸುವುದಿಲ್ಲ, ಕೇಳಿ ಶಾಲೆಗೆ ಹಾಕುವುದಿಲ್ಲ. ಆಟವೊಂದನ್ನು ಯಾಕೆ ಕೇಳಬೇಕು? ಸುಮ್ಮನೆ ಬಿಟ್ಟರೆ ನನ್ನ ಮೊಮ್ಮಗಳು ಮೊಬೈಲ್ ಹಿಡಿದು ಮಂಚದ ಮೇಲೆ ಬಿದ್ದಲ್ಲೇ ಬಿದ್ದಿರುತ್ತಾಳೆ. ಊಟಕ್ಕೆ ಕರೆದರೂ ಏಳುವುದಿಲ್ಲ. ಅದಕ್ಕೇ ನನ್ನ ಮಗ ಅವಳಿಗೆ ಗಾಲಿಯ ಬೂಟು ಕೊಡಿಸಿ ಸ್ಕೇಟಿಂಗಿಗೆ ಹಾಕುತ್ತೇನೆ ಎಂದಾಗ ಮನೆಯಲ್ಲಿ ಮೊದಲು ಹೂಂ ಎಂದವಳು ನಾನು. ಅವಳು ಅತ್ತಳು. ಅಳಲಿ ಎಂದು ಬೂಟಿನ ಲೇಸು ಬಿಗಿದು ಕಳಿಸಿದೆ. ಕಲಿತಳು. ಚೆನ್ನಾಗಿಯೇ ಓಡುತ್ತಿದ್ದಳು.

ಊರೊಳಗಿನ ಸಿಮೆಂಟಿನ ಅಂಗಳದಲ್ಲಿ ಸುತ್ತು ಹಾಕುವುದು ಒಂದು ಆಟ, ರಸ್ತೆಯ ಮೇಲೆ ದೂರ ಓಡುವುದು ಬೇರೆಯೇ ಆಟ. ಅದಕ್ಕೆ ಉದ್ದನೆಯ ನುಣುಪು ಡಾಂಬರು ಬೇಕು. ಹುಬ್ಬಳ್ಳಿಯಲ್ಲಿ ಅಂಥದ್ದು ಎಲ್ಲಿ ಸಿಗಬೇಕು? ಗಬ್ಬೂರಿನ ಹತ್ತಿರ, ಬೈಪಾಸಿನಿಂದ ಒಳಗೆ ತಿರುಗುವ ಒಂದು ಹೊಸ ರಸ್ತೆ ಇತ್ತು. ಒಂದು ಗೋದಾಮಿನವರೆಗೆ ಹೋಗಿ ಅಲ್ಲೇ ಮುಗಿಯುತ್ತದೆ. ಭಾನುವಾರ ಗೋದಾಮು ಬಂದ್. ಹಾಗಾಗಿ ಭಾನುವಾರ ಬೆಳಕು ಹರಿಯುವ ಮುಂಚೆ, ಕಲಿಸುವ ಸರ್ ಜೊತೆ ಮಕ್ಕಳೆಲ್ಲ ಅಲ್ಲಿಗೆ ಹೋಗುತ್ತಿದ್ದರು. ಅಪ್ಪಂದಿರು ಮೋಟಾರ್ ಸೈಕಲ್ ಮೇಲೆ ಮಕ್ಕಳ ಬೆನ್ನ ಹಿಂದೆ. ಅವ್ವಂದಿರು ರಸ್ತೆಯ ಬಾಯಿಗೆ ಕೆಂಪು ಬಟ್ಟೆ ಹಿಡಿದು ನಿಂತು, ತಪ್ಪಿ ಬಂದ ಗಾಡಿಗಳನ್ನು ತಡೆಯುವುದು. ಇದು ಅವರವರೇ ಮಾಡಿಕೊಂಡ ಏರ್ಪಾಟು.

ಒಂದು ಸಲ ಒಂದು ಕಾರು ಬಟ್ಟೆಗೆ ನಿಲ್ಲಲಿಲ್ಲ. ಹಾರ್ನ್ ಹೊಡೆಯುತ್ತ ಹಿಂದಿನಿಂದ ಬಂದು ಮೊಮ್ಮಗಳ ಪಕ್ಕದಲ್ಲೇ ಹಾದು ಹೋಯಿತು. ತಾಗಲಿಲ್ಲ, ಆದರೆ ಅವಳು ಬಿದ್ದಳು. ಮೊಣಕಾಲಿನ ಗಾಯ ಬೇಗ ಒಣಗಿತು. ಆವತ್ತಿನಿಂದ ಮಾತ್ರ ಬೆನ್ನ ಹಿಂದೆ ಗಾಡಿಯ ಸಪ್ಪಳ ಕೇಳಿದರೆ ಅವಳ ಕಾಲುಗಳು ನಿಂತುಬಿಡುತ್ತಿದ್ದವು. ಉಳಿದವರು ಆ ರಸ್ತೆಗೆ ಬರುವುದನ್ನು ಬಿಟ್ಟರು. ಸದ್ಯ ಅಂಗಳದಲ್ಲೇ ಆಡಲಿ ಎಂದು ಸರ್ ಕೂಡ ಹೇಳಿದರು. ನನ್ನ ಮಗ ಬಿಡಲಿಲ್ಲ. ಧಾರವಾಡದಲ್ಲಿ ರಸ್ತೆ ಓಟದ ಆಯ್ಕೆ ಹತ್ತಿರ ಬಂದಿತ್ತು.

"ಅಂಜಿಕಿ ಅನ್ನೂದು ಮಾಡಿದ್ರನ ಹೋಗೂದು, ಯವ್ವಾ. ಕುಂತ್ರ ಹೋಗಂಗಿಲ್ಲ" ಎಂದ.

ಸೊಸೆ ತವರಿಗೆ, ಅಮ್ಮಿನಬಾವಿಗೆ ಹೋಗಿದ್ದಳು. ಬಟ್ಟೆ ಹಿಡಿಯುವ ಕೆಲಸ ನನಗೆ ಬಂತು. ನಾನೂ ಬೇಡ ಎನ್ನಲಿಲ್ಲ.

ಆ ಮುಂಜಾನೆ ನಾವು ಮೂವರೇ. ರಸ್ತೆಯ ಒಂದು ಬದಿಗೆ ಪೈಪು ಹಾಕಲು ಉದ್ದಕ್ಕೂ ಅಗೆದಿದ್ದರು. ಉಳಿದದ್ದರಲ್ಲಿ ಒಂದು ದೊಡ್ಡ ಗಾಡಿ ಹೋದರೆ ಮತ್ತೊಂದಕ್ಕೆ ಜಾಗವಿಲ್ಲ. ನಾನು ಬಾಯಿಗೆ ನಿಂತೆ. ಹುಡುಗಿ ಗೋದಾಮಿನ ತನಕ ಹೋಗಿ ತಿರುಗಿ ನನ್ನ ಕಡೆ ಬರುತ್ತಿದ್ದಳು, ಅವಳ ಹಿಂದೆ ಮಗನ ಗಾಡಿಯ ದೀಪ. ಆಗ ಬೈಪಾಸಿನಿಂದ ಒಂದು ಲಾರಿ ಒಳಗೆ ತಿರುಗಿತು. ನಾನು ಬಟ್ಟೆ ಎತ್ತಿದೆ. ಅದು ಬಂದೇ ಬಂತು. ನಾನು ಸರಿಯಲಿಲ್ಲ. ಕೊನೆಗೆ ಚಕ್ರ ಕಿರುಗುಟ್ಟಿ ನಿಂತಾಗ ಅದರ ಮೂತಿಯ ಬಿಸಿ ನನ್ನ ಮುಖಕ್ಕೆ ಹೊಡೆಯುತ್ತಿತ್ತು. ಡ್ರೈವರ್ ಹಾರ್ನ್ ಒತ್ತಿ ಹಿಡಿದ.

ತಿರುಗಿ ನೋಡಿದೆ. ಒಂದು ಕಲ್ಲೆಸೆತ ದೂರದಲ್ಲಿ ಮೊಮ್ಮಗಳು ರಸ್ತೆಯ ನಟ್ಟ ನಡುವೆ ಕುಳಿತುಬಿಟ್ಟಿದ್ದಳು.

"ಏ ಯಮ್ಮಾ, ಇದೇನ್ ರೇಲ್ವೆ ಗೇಟೇನ?" ಡ್ರೈವರ್ ತಲೆ ಹೊರಗೆ ಹಾಕಿ ಕೂಗಿದ. "ರವಿವಾರ ಆದ್ರೂ ಇವತ್ತ ಗೋದಾಮ ತೆಗೀತಾರ, ಉಳ್ಳಾಗಡ್ಡಿ ಇಳಸಬೇಕ ನಾ. ಬಾಜೂ ಸರಿ!"

"ಗೇಟಾಗಿದ್ರ ಇಷ್ಟೊತ್ತಿಗೆ ತೆಗೀತಿದ್ದೆ. ಅಲ್ಲಿ ನನ್ನ ಮೊಮ್ಮಗಳು ಕುಂತಾಳ. ಮೊದಲ ಗಾಡಿ ಬಂದ್ ಮಾಡು, ಸಪ್ಪಳಕ್ಕ ಅಂಜತಾಳ."

"ಅಂಜೂ ಕೂಸಿನ್ನ ರಸ್ತಾದಾಗ ಯಾಕ ಬಿಟ್ಟೀರಿ?"

ನಾನು ಬಟ್ಟೆ ಇಳಿಸಲಿಲ್ಲ. ಅವನು ಬೈಯುತ್ತಲೇ ಇಂಜಿನ್ ಆರಿಸಿದ. ಲಾರಿಯೇ ರಸ್ತೆಗೆ ಅಡ್ಡ ನಿಂತ ಮೇಲೆ ಬಟ್ಟೆ ಹಿಡಿಯುವುದೇನು ಉಳಿಯಿತು, ನಾನು ಹುಡುಗಿಯ ಕಡೆ ನಡೆದೆ. ಡ್ರೈವರ್ ಲುಂಗಿ ಎತ್ತಿ ಕಟ್ಟಿಕೊಂಡು ನನ್ನ ಹಿಂದೆಯೇ ಬಂದ.

ಮಗ ಅವಳ ಮುಂದೆ ನಿಂತಿದ್ದ. ಕೈ ಎತ್ತಿರಲಿಲ್ಲ, ಆದರೆ ಎತ್ತಲು ಬಹಳ ಹೊತ್ತು ಬೇಕಿರಲಿಲ್ಲ.

"ಏಳು."

"ಏಳಂಗಿಲ್ಲ. ಇನ್ನ ಬ್ಯಾಡ ಅಂತ ಹೇಳು, ಏಳ್ತೇನಿ."

"ಎದ್ದು ಮಾತಾಡು ಅಂದೆ!"

"ಬ್ಯಾಡ ಅಂತ ಹೇಳಪಾ ಮೊದಲ."

ಹೊರಗಿನವನೊಬ್ಬ ನೋಡುತ್ತಿದ್ದಾನೆ ಎಂಬುದು ಮಗನಿಗೆ ಇನ್ನಷ್ಟು ಚುಚ್ಚಿತು. ನನ್ನ ಕಡೆ ತಿರುಗಿದ. "ನೋಡ್ದಿ ಯವ್ವಾ? ಇವತ್ತ ಇದನ್ನ ಬಿಟ್ಲಂದ್ರ ನಾಳಿ ಗಣಿತ ತ್ರಾಸ ಅಂತ ಸಾಲಿ ಬಿಡ್ತಾಳ. ಬಿಡೂದನ್ನ ಕಲೀತಾಳ."

"ಅದು ಖರೇ" ಎಂದೆ. ನನಗೂ ಹಾಗೇ ಅನಿಸುತ್ತಿತ್ತು.

"ಮತ್ತ? ನನ್ನ ಬಾವಿಗೆ ಒಗದಾಕಿ ನೀನ ಅಲ್ಲೇನ? ನಾ ಅತ್ತಿದ್ದಿಲ್ಲೇನ? ಈಜ ಬಂತಿಲ್ಲೋ?"

"ಒಗದಿಲ್ಲೋ, ಇಳಿಸೀನಿ. ಬೆನ್ನಿಗಿ ಖಾಲಿ ಎಣ್ಣಿ ಡಬ್ಬಿ ಕಟ್ಟಿದ್ದೆ, ನಡಕ್ಕ ಹಗ್ಗ ಕಟ್ಟಿದ್ದೆ. ಹಗ್ಗದ ತುದಿ ನನ್ನ ಕೈಯಾಗಿತ್ತು. ನೀ ಮುಳುಗಿದ್ರ ಜಗ್ಗತಿದ್ದೆ. ಇಲ್ಲಿ ಹಗ್ಗ ಯಾರ ಕೈಯಾಗೈತಿ? ಇಂವನ ಕೈಯಾಗೈತಿ." ಡ್ರೈವರನನ್ನು ತೋರಿಸಿದೆ.

"ನನ್ನ ಯಾಕ ಎಳೀತಿ ಯಮ್ಮಾ?" ಅವನು ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ತಲೆ ಕೆರೆದುಕೊಂಡು ಮಗನಿಗೆ ಹೇಳಿದ, "ಅಣ್ಣಾ, ಸಿಟ್ಟಾಗಬ್ಯಾಡ್ರಿ, ಒಂದ್ ಮಾತ ಹೇಳ್ತೇನಿ. ಆ ಬಟ್ಟಿ ನನಗ ಕಂಡ ಇಲ್ಲ. ಈ ಕತ್ತಲದಾಗ ಕೆಂಪ ಎಲ್ಲಿ ಕಾಣತೈತ್ರಿ? ಯಮ್ಮನ ಬಿಳಿ ತಲಿ ಕಂಡ ಬ್ರೇಕ್ ಒತ್ತೀನಿ. ತಲಿ ಮ್ಯಾಲೆ ಸೆರಗ ಹೊತ್ತಿದ್ಲಂದ್ರ..."

ಮನೆಯಿಂದ ಹೊರಡುವಾಗ ಚಳಿ ಎಂದು ನಾನು ಸೆರಗು ಹೊತ್ತೇ ಬಂದಿದ್ದೆ. ಇಲ್ಲಿ ನಿಂತ ಮೇಲೆ ಗಾಳಿಗೆ ಅದು ಜಾರಿತ್ತು, ನಾನು ಸರಿ ಮಾಡಿಕೊಂಡಿರಲಿಲ್ಲ. ಮಗನಿಗೂ ಅದು ಗೊತ್ತಿತ್ತು. ಅವನು ನನ್ನ ತಲೆಯನ್ನೇ ನೋಡುತ್ತ ನಿಂತ.

ಆಮೇಲೆ ಕುಕ್ಕರಗಾಲಲ್ಲಿ ಕುಳಿತು ಅವಳ ಒಂದು ಬೂಟಿನ ಲೇಸು ಬಿಚ್ಚಿದ. ಇನ್ನೊಂದು ಕಾಲನ್ನು ಅವಳು ಹಿಂದಕ್ಕೆ ಎಳೆದುಕೊಂಡಳು.

"ನಾಳಿಗಿ?"

"ಇಲ್ಲ."

"ಮುಂದಿನ ವಾರ?"

ಅವನು ಬಿಚ್ಚಿದ ಬೂಟನ್ನು ಪಕ್ಕಕ್ಕಿಟ್ಟ. ಅವಳ ಇನ್ನೊಂದು ಕಾಲು ಮುಂದೆ ಬರಲಿಲ್ಲ. ಡ್ರೈವರ್ ಬೀಡಿ ಹಚ್ಚಿ ಬೇರೆ ಕಡೆ ಮುಖ ಮಾಡಿದ.

"ರಸ್ತೆ ಮ್ಯಾಲೆ ಯಾವತ್ತೂ ಇಲ್ಲ. ಸಾಕೇನ?"

ಅವಳು ಕಾಲು ಚಾಚಿದಳು.

ಬರೀ ಕಾಲುಚೀಲದಲ್ಲಿ ಎದ್ದು ನಿಂತು, ಗೆದ್ದ ಹುಮ್ಮಸ್ಸಿನಲ್ಲಿ ನನ್ನ ಸೊಂಟ ಹಿಡಿದುಕೊಂಡಳು. "ಆಯಿ, ಸ್ಕೇಟಿಂಗನ ಬ್ಯಾಡ ಅಂತ ಹೇಳು. ಯಾವ ಆಟಾನೂ ಬ್ಯಾಡ."

"ಅದು ಆಗಂಗಿಲ್ಲ. ಅಂಗಳದಾಗ ಆಡೂದು ಆಡಬೇಕು. ನಾಳಿ ಸಂಜಿಕ ನಾನ ಬೂಟ ಕಟ್ಟತೇನಿ."

"ನೀನೂ ಅಪ್ಪನ ಕಡೇನ?"

"ಹೌದು."

ನನ್ನ ಸೊಂಟ ಬಿಟ್ಟು ಮುಂದೆ ನಡೆದುಬಿಟ್ಟಳು. ಅಗೆದ ಬದಿಯ ಜಲ್ಲಿ ಚುಚ್ಚುತ್ತಿತ್ತು, ಒಮ್ಮೆ ಕುಂಟಿದಳು, ಆದರೂ ತಿರುಗಿ ನೋಡಲಿಲ್ಲ. ಡ್ರೈವರ್ ಲಾರಿ ಹತ್ತಿ ಕುಳಿತ, ಚಾಲೂ ಮಾಡಲಿಲ್ಲ. ಹುಡುಗಿ ಅದರ ಪಕ್ಕ ದಾಟಿ ಹೋಗುವವರೆಗೆ ಕಾದ.

ಮಗ ಬೂಟುಗಳನ್ನು ಹ್ಯಾಂಡಲಿಗೆ ಸಿಕ್ಕಿಸಿ ಮೋಟಾರ್ ಸೈಕಲಿನ ಕಿಕ್ಕರ್ ಮೇಲೆ ಕಾಲಿಟ್ಟ.

"ಚಾಲೂ ಮಾಡಬ್ಯಾಡ" ಎಂದೆ. "ಆಕಿ ಬೆನ್ನ ಹಿಂದ ಸಪ್ಪಳ ಬ್ಯಾಡ. ದೂಕು."

ಅವನು ಕಾಲು ತೆಗೆದು ಗಾಡಿ ದೂಕಿದ. ನಾನು ಹಿಂದಿನಿಂದ ಕೈ ಹಚ್ಚಿದೆ. ಬೈಪಾಸಿನ ತನಕ ಹಾಗೇ ನಡೆದೆವು, ಅವಳು ಮುಂದೆ, ನಾವಿಬ್ಬರು ಹಿಂದೆ, ಮೂವರೂ ಒಬ್ಬರ ಮೇಲೊಬ್ಬರು ಸಿಟ್ಟಾಗಿ.