ಉದುರಿದ್ದು ಕಟ್ಟಿದವಗ

"ಇನ್ನೊಂದೀಟು ತುಳಿಯಬೇ, ಗಂಡನ್ನ ನೆನಸ್ಕೊಂಡು ತುಳಿ!" ಲಾರಿಯ ಮರುಳಪ್ಪ ಕೆಳಗಿನಿಂದ ನಗಾಡುತ್ತಾನೆ.

"ಅವನ್ನ ನೆನಸ್ಕೊಂಡು ತುಳುದ್ರ ಪೆಟ್ಟಿಗಿ ಮುರಿತೈತಿ, ಸುಮ್ನಿರಲೇ," ಎನ್ನುತ್ತಾಳೆ ಉಚ್ಚಂಗೆಮ್ಮ, ಸೊಂಟದೆತ್ತರದ ಮರದ ಪೆಟ್ಟಿಗೆಯೊಳಗೆ ನಿಂತು.

2004ರ ಕಾರ್ತಿಕದ ಚಳಿ, ಇನ್ನೂ ಬೆಳಕು ಹರಿದಿಲ್ಲ. ತಂಬ್ರಹಳ್ಳಿ ಮಗ್ಗುಲಿನ ಪಾಲಾಕ್ಷಪ್ಪನವರ ಹೊಲದಲ್ಲಿ ಒಣಹುಲ್ಲನ್ನು ಪೆಟ್ಟಿಗೆಗೆ ತುಂಬಿ, ತುಳಿದು, ಹಗ್ಗ ಬಿಗಿದು, ಚೌಕನೆಯ ಪೆಂಡಿ ತೆಗೆಯುವುದು ಅವಳ ಕೆಲಸ. ಲಾರಿಗೆ ಹೆಚ್ಚು ಹಿಡಿಯಲೆಂದು ಈ ಪೆಟ್ಟಿಗೆ ಬಂದದ್ದು ಈ ವರ್ಷವೇ. ಹೋದ ವರ್ಷದವರೆಗೂ ಕೈಯಲ್ಲೇ ಹೊರೆ ಕಟ್ಟುತ್ತಿದ್ದಳು.

ಹರಪನಹಳ್ಳಿ ಕಡೆಯಿಂದ ಸೊಸೆಯಾಗಿ ಬಂದಾಗ ಅತ್ತೆ ಅವಳಿಗೆ ಈ ಕೆಲಸದ ಜೊತೆಗೆ ಒಂದು ಕರಾರನ್ನೂ ದಾಟಿಸಿದ್ದಳು. ಮನೆಯ ಎಮ್ಮೆಯ ಸಗಣಿಯೆಲ್ಲ ಪಾಲಾಕ್ಷಪ್ಪನವರ ಹೊಲದಂಚಿನ ತಿಪ್ಪೆಗೆ. ಅದಕ್ಕೆ ಕಾಸಿಲ್ಲ. ಬದಲಿಗೆ, ಕಟ್ಟಿದ ಹುಲ್ಲು ಹೊಲದವರಿಗೆ, ಕಟ್ಟುವಾಗ ಉದುರಿದ್ದು ಕಟ್ಟಿದವರಿಗೆ.

"ಈ ಹೊಲ ಮೊದ್ಲು ಬರೇ ಕರಲು, ಏನೂ ಬೆಳೀತಿರ್ಲಿಲ್ಲ ನೋಡ್ರಿ. ಸಗಣಿ, ಕೆರಿ ಗೋಡುಮಣ್ಣು ಹೊತ್ತೂ ಹೊತ್ತೂ ನನ್ನ ನೆತ್ತಿ ಬೋಳಾತು, ಇದ್ರ ನೆತ್ತಿಗೆ ಕೂದ್ಲು ಬಂತು," ಎಂದು ಮಾತಿಗೆ ನಿಂತವರಿಗೆ ತಲೆಯ ಸಿಂಬಿ ತೆಗೆದು ತೋರಿಸುತ್ತಾಳೆ. "ಮೊದ್ಲು ಹುಲ್ಲು ಕಟ್ಟೋ ದಿನ ಉದುರಿದ್ದು ಬಳುದ್ರ ಯುಗಾದಿ ತನಕ ಎಮ್ಮಿಗೆ ಚಿಂತಿರ್ಲಿಲ್ಲ. ಈ ಪೆಟ್ಟಿಗಿ ಒಂದು ಎಸಳು ಬಿಡಂಗಿಲ್ಲ. ಬಿಡದಂಗ ತುಳಿಯಾಕಿನೂ ನಾನ!"

ಸಡಿಲ ಕಟ್ಟಿದರಾಯಿತಲ್ಲ ಎಂದರೆ ಮುಖ ಸಿಂಡರಿಸುತ್ತಾಳೆ. "ನಿನ್ನಿ ಹಂಗ ಕಟ್ಟಿ ನೋಡಿದ್ನಿರಿ. ಕೈ ಕೇಳವಲ್ದು."

ಬಿಸಿಲೇರಿದಾಗ ಪಾಲಾಕ್ಷಪ್ಪನವರು ಬರುತ್ತಾರೆ. ಅವಳು ಪೆಟ್ಟಿಗೆಯಿಂದ ಇಳಿದು ದೂರ ನಿಲ್ಲುತ್ತಾಳೆ.

"ಯಜಮಾನ್ರ, ನನ್ನ ಉದುರು?"

"ಬಳ್ಕೊಂಡು ಹೋಗು. ನಾ ಏನು ಬ್ಯಾಡಂದ್ನೇನು?"

"ಬಳಿಯಾಕ ನೆಲದಾಗ ಏನೈತ್ರಿ? ಎಮ್ಮಿ ಗಬ್ಬೈತಿ. ನಾಕು ಪೆಂಡಿ ಕೊಡ್ರಿ, ಇಲ್ಲಾಂದ್ರ ಸಂತಿಗೆ ಹೊಡಿಬೇಕು. ನಮ್ಮನ್ಯಾಗ ಈಯ್ಲಿ ಅಂತ ಆಸಿ, ಅಷ್ಟ."

"ಪೆಂಡಿ ಕೊಡೋದು ಯಾವ ಕಾಲದಾಗಿತ್ತಲೇ ಉಚ್ಚಂಗಿ? ಉದುರು ಅಂತ ಮಾತಾಗೇತಿ, ಉದುರೇ ತಗಾ." ಹೊರಟವರು ತಿರುಗುತ್ತಾರೆ. "ಸಗಣಿ ಮಾತ್ರ ತಪ್ಪಿಸಬ್ಯಾಡ ಮತ್ತ. ಮಳಿಗಾಲಕ್ಕ ಗೊಬ್ಬರ ಬೇಕು."

"ಹೂಂನ್ರಿ," ಎನ್ನುತ್ತಾಳೆ.

ಲಾರಿ ಹೋದ ಮೇಲೆ ಅವಳು ಗುಡಿಸಿದ ಹುಲ್ಲು ಸೆರಗಿನ ಒಂದು ತುದಿಗೂ ಸಾಲುವುದಿಲ್ಲ.

ಮರುದಿನ ನಸುಕಿನಲ್ಲಿ ಕೊಟ್ಟಿಗೆ ಬಳಿದು ಬುಟ್ಟಿ ಹೊತ್ತು ಹೊರಬರುತ್ತಾಳೆ. ಹೊಲದ ದಾರಿಯ ತಿರುವಿನಲ್ಲಿ ಗಳಿಗೆ ನಿಂತು, ಮನೆಗೇ ಮರಳಿ ಬುಟ್ಟಿ ಇಳಿಸುತ್ತಾಳೆ. ಸಗಣಿಯನ್ನು ಉಂಡೆ ಮಾಡಿ, ಒಂದೊಂದನ್ನೇ ತನ್ನ ಮನೆಯ ಗೋಡೆಗೆ ಕುಳ್ಳು ತಟ್ಟತೊಡಗುತ್ತಾಳೆ, ಒಲೆಗಾಗಲೆಂದು. ಒಂದೊಂದರ ಮೇಲೂ ಐದು ಬೆರಳು ಎದ್ದು ಕಾಣುತ್ತವೆ.